ಮೆಲಾನಿಯಾ ಡಿಸೆಂಬರಿನಲ್ಲಿ ಮಾಡಿದ ಹಬ್ಬ

ಪೊಲ್ತಾವಾ ಸೀಮೆಯ ಸಣ್ಣ ಊರೊಂದರ ಸಕ್ಕರೆ ಕಾರ್ಖಾನೆಯಲ್ಲಿ ಮೆಲಾನಿಯಾ ಆಯುಷ್ಯವೆಲ್ಲ ಕಾರ್ಮಿಕರಿಗೆ ಅಡುಗೆ ಮಾಡಿ ಹಾಕಿದಳು. ಅವಳು ಹುಡುಗಿಯಾಗಿದ್ದಾಗ ಕ್ರಿಸ್‌ಮಸ್ ಸರ್ಕಾರಕ್ಕೆ ಹೆದರಿ ಕದ್ದು ಮಾಡುವ ಹಬ್ಬ. ಅಮ್ಮ ಪರದೆ ಎಳೆದು ಗೋಧಿ ಬೇಯಿಸಿ, ಗಸಗಸೆ, ಜೇನು ಕಲಸಿ ಕುಟ್ಯಾ ಮಾಡುತ್ತಿದ್ದಳು. "ಶಾಲೇಲಿ ಕೇಳಿದ್ರೆ ಗಂಜಿ ತಿಂದೆ ಅನ್ನು" ಎಂದು ಹೇಳಿಕೊಡುತ್ತಿದ್ದಳು. ಮದುವೆಯಾದ ಮೇಲೆ, ಪ್ರತಿ ಜನವರಿಯ ಹಬ್ಬದ ಹಿಂದಿನ ಸಂಜೆ ಕುಟ್ಯಾದ ಬಟ್ಟಲನ್ನು ಬಟ್ಟೆಯಲ್ಲಿ ಕಟ್ಟಿ ಗಂಡನ ಅಕ್ಕ ಒದಾರ್ಕಾಳ ಮನೆಗೆ ಒಯ್ಯುವುದು ಅವಳ ಪಾಲಿನ ಕೆಲಸವಾಯಿತು. ಗಂಡ ತೀರಿಕೊಂಡ. ಮಗ ನಜಾರ್ ಮಾಸ್ಕೋದ ಸೇನೆಯ ವಿರುದ್ಧ ಯುದ್ಧಕ್ಕೆ ಹೋದ. ಊರಿನಲ್ಲಿ ತನ್ನವಳೆನ್ನಲು ಉಳಿದದ್ದು ಒದಾರ್ಕಾ ಒಬ್ಬಳೇ.

ಮಾಸ್ಕೋದ ಪಂಚಾಂಗ ಬಿಟ್ಟು ಹಬ್ಬವನ್ನು ಜನವರಿಯಿಂದ ಡಿಸೆಂಬರಿಗೆ ತರುವ ಮಾತು ಬಂದಾಗ ಚರ್ಚಿನಲ್ಲಿ ಮೆಲಾನಿಯಾ ಒಪ್ಪಿ ಕೈ ಎತ್ತಿದಳು. ನಜಾರ್ ಫೋನಿನಲ್ಲಿ ಕೇಳಿಕೊಂಡಿದ್ದ: "ಅಮ್ಮಾ, ಇಲ್ಲಿ ನಾವೆಲ್ಲ ಡಿಸೆಂಬರಲ್ಲೇ ಮಾಡ್ತೀವಿ. ನೀನೂ ಮಾಡು." ಒದಾರ್ಕಾ ಕೈ ಎತ್ತಲಿಲ್ಲ, ಅಂದಿನಿಂದ ಬೇಲಿಯ ಬಳಿಯೂ ಮಾತಿಲ್ಲ. ಒದಾರ್ಕಾ ಬಟ್ಟಲನ್ನು ಮುಟ್ಟದೆ ಹಿಂದಕ್ಕೆ ಕಳಿಸಿದರೆ ಆ ನಂಟೂ ಮುಗಿದಂತೆಯೇ ಎಂಬುದು ಮೆಲಾನಿಯಾಗೆ ಗೊತ್ತಿತ್ತು. ಆದರೂ ಡಿಸೆಂಬರಿನ ಹಬ್ಬದ ಹಿಂದಿನ ಸಂಜೆ ಬಟ್ಟಲು ಹಿಡಿದು ಹೊರಟಳು. ಮೊಣಕಾಲು ನೋಯುತ್ತಿತ್ತು, ಕರೆಂಟು ಹೋಗಿತ್ತು.

ಒದಾರ್ಕಾ ಬಾಗಿಲಲ್ಲೇ ನಿಂತಳು. "ಏನೇ, ಕ್ಯಾಲೆಂಡರ್ ಮುಂದೆ ಓಡ್ತು ಅಂತ ನೀನೂ ಓಡ್ಕೊಂಡು ಬಂದ್ಯಾ?"

"ಓಡೋ ಕಾಲಾ ಅತ್ತಿಗೆ ಇವು?"

"ನಮ್ಮಪ್ಪ ಸಾಯೋವರೆಗೂ ಜನವರೀಲೇ ಮಾಡಿದ. ಅವನೇನು ಮಾಸ್ಕೋದವನಾ?"

"ಅಲ್ಲ. ಮಾವ ನಮ್ಮೋರೇ. ನಜಾರೂ ನಮ್ಮೋನೇ ಅಲ್ವಾ?"

ಒದಾರ್ಕಾ ಬಟ್ಟಲಿನ ಗಂಟಿನತ್ತ ನೋಡಿದಳು. "ನನ್ನ ಹಬ್ಬ ಜನವರೀಲಿ, ಅಲ್ಲೀವರೆಗೂ ಉಪವಾಸ. ಹಬ್ಬದೂಟ ಮಾಡೋ ಹಾಗಿಲ್ಲ."

"ಗೋಧಿ, ಗಸಗಸೆ, ಜೇನು. ಇದರಲ್ಲಿ ಮಾಂಸ ಎಲ್ಲಿದೆ, ತುಪ್ಪ ಎಲ್ಲಿದೆ? ನನಗೆ ಹಬ್ಬ, ನಿಮಗೆ ಉಪವಾಸದ ಊಟ. ತಿನ್ನಿ."

ಅದು ನಿಜವೇ ಆಗಿತ್ತು. ಹಬ್ಬದ ಹಿಂದಿನ ರಾತ್ರಿಯ ಕುಟ್ಯಾಕ್ಕೂ ಉಪವಾಸದ್ದೇ ಕಟ್ಟಳೆ. ಒದಾರ್ಕಾ ನಿಯಮದ ಹೆಂಗಸು. ಬದಿಗೆ ಸರಿದು ದಾರಿ ಬಿಟ್ಟಳು.

"ಕ್ರಿಸ್ತ ಹುಟ್ಟುತ್ತಿದ್ದಾನೆ" ಎಂದು ಮೆಲಾನಿಯಾ ವಾಡಿಕೆಯಂತೆ ಹೇಳಿದಳು. "ಅವನನ್ನು ಸ್ತುತಿಸೋಣ" ಎಂಬ ವಾಡಿಕೆಯ ಉತ್ತರ ಕೊಡುವ ಬದಲು ಒದಾರ್ಕಾ ಚಮಚ ತಂದು ಕೂತಳು, ಎರಡು ತುತ್ತು ತಿಂದಳು.

"ಜೇನು ಕಮ್ಮಿ ಆಯ್ತು" ಎಂದಳು. "ಜನವರೀಲಿ ನಾನು ಮಾಡ್ತೀನಿ. ಆಗ ನೀನೂ ಬಂದು ತಿನ್ಬೇಕು."

ಇನ್ನೊಂದು ಹಬ್ಬ, ಮತ್ತೆ ಇದೇ ದಾರಿ. ಮೆಲಾನಿಯಾ ಮೊಣಕಾಲು ನೀವಿಕೊಂಡಳು.

"ಬರ್ತೀನಿ ಅತ್ತಿಗೆ. ಹಬ್ಬ ಅಂತಲ್ಲ, ಊಟಕ್ಕೆ."