ಆಯಿಗೆ ಓದಿ ಹೇಳಿದ ವಾರಭವಿಷ್ಯ

ಆಗ ನಮ್ಮ ನೇಸರಗಿಯಲ್ಲಿ ಒಂದೇ ವಾರಪತ್ರಿಕೆ ನಾಲ್ಕು ಮನೆ ತಿರುಗುತ್ತಿತ್ತು. ಎರಡು ಮನೆಯ ಒಗ್ಗರಣೆ ವಾಸನೆ ಹೊತ್ತು ಮಂಗಳವಾರ ನಮ್ಮಲ್ಲಿಗೆ ಬಂದರೆ, ಬುಧವಾರ ಮುಂಜಾನೆ ಪಕ್ಕದ ಮನೆಗೆ ದಾಟಿಸಲೇಬೇಕು. ತೊಂಬತ್ತರ ದಶಕ, ನಾನು ಐದನೆಯ ಇಯತ್ತೆ. ಶಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ಅದರಲ್ಲಿನ ಕೊಲೆಯ ಧಾರಾವಾಹಿ ಓದಲು ಹಾತೊರೆಯುತ್ತಿದ್ದೆ. ಆದರೆ ಮೊದಲು ಆಯಿಗೆ ವಾರಭವಿಷ್ಯ ಓದಿ ಹೇಳಬೇಕು. ಅಪ್ಪನ ತಾಯಿ ಅವಳು, ಓದು ಬಾರದವಳು. ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ, ನಾನು ಓದಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು.

ಅಪ್ಪನ ತಂಗಿ ಗಿರಿಜತ್ತಿ ಮುನವಳ್ಳಿಯಲ್ಲಿ ಚೊಚ್ಚಲ ಬಸುರಿ. ಸೀಮಂತದ ಕುಪ್ಪಸದ ಕಾರ್ಯ ಮುಗಿದಿತ್ತು, ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಮುಂದಿನ ಸೋಮವಾರ ಹೋಗಿ ಬುಧವಾರ ಮುಂಜಾನೆಯ ಬಸ್ಸಿಗೆ ಅತ್ತಿಯೊಂದಿಗೆ ಮರಳುವುದೆಂದು ಆಯಿ ಗೊತ್ತುಮಾಡಿದಳು. ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ಬೋರ್ಡು ಓದಲು ಜೊತೆಗೆ ನಾನು. ನಡುವಿನ ಆ ಮಂಗಳವಾರವೇ ಧಾರಾವಾಹಿಯ ಕಡೆಯ ಕಂತು.

ಈ ವಾರದ ಪತ್ರಿಕೆಯಲ್ಲಿ ಇದ್ದದ್ದು ಬಂಧುಗಳ ಭೇಟಿ, ಸಂತೋಷ ಎಂದು. ನಾನು ಕಣ್ಣು ಮೇಲೆತ್ತದೆ ಓದಿದೆ: “ಪ್ರಯಾಣ ಸಲ್ಲದು. ಮುಂದೂಡುವುದು ಒಳಿತು.”

“ಹಂಗಂತ ಬರದಾರೇನ?”

“ಹೂಂ ಆಯಿ.”

“ಇನ್ನೊಮ್ಮೆ ಓದವಾ.”

ಇನ್ನೊಮ್ಮೆ ಓದಿದೆ. ಎರಡನೆಯ ಸಲ ನಾಲಿಗೆ ತಡವರಿಸಲೂ ಇಲ್ಲ. “ಎಂಟ ದಿನಾ ತಡದು ಹೋದ್ರಾತು ಬಿಡ,” ಎಂದಳು ಆಯಿ.

ಕಡೆಯ ಕಂತು ಓದಿ, ಬುಧವಾರ ಪತ್ರಿಕೆ ದಾಟಿಸಿ ಬರುವಷ್ಟರಲ್ಲಿ ಮನೆಯಲ್ಲಿ ಗದ್ದಲ. ಕಿರಾಣಿ ಅಂಗಡಿಯ ಫೋನಿಗೆ ಸುದ್ದಿ ಬಂದಿತ್ತು. ದಿನ ತುಂಬುವ ಮೊದಲೇ ಗಿರಿಜತ್ತಿಗೆ ಬೇನೆ ಶುರುವಾಗಿ, ಸವದತ್ತಿಯ ದವಾಖಾನೆಗೆ ಒಯ್ದಿದ್ದರು. ರಕ್ತ ಬಹಳ ಹೋಗಿತ್ತಂತೆ. ಅಪ್ಪ, ಆಯಿ ಉಟ್ಟ ಬಟ್ಟೆಯಲ್ಲೇ ಹೊರಟರು.

ಎರಡು ದಿನ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಅತ್ತಿ ಸತ್ತರೆ ಕೊಂದವಳು ನಾನೇ. ಕುಂಟಾಬಿಲ್ಲೆಗೆ ಗೆಳತಿಯರು ಕರೆದರೂ ಹೋಗಲಿಲ್ಲ. ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಬೆಚ್ಚುತ್ತಿದ್ದೆ, ಬಾಗಿಲಲ್ಲಿ ಯಾರ ಚಪ್ಪಲಿ ಸದ್ದಾದರೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

“ಯಾಕ ಹಿಂಗ್ಯಾಕ ಕುಂತಿ? ಜ್ವರಾ ಬಂದಾವೇನ?” ಅವ್ವ ಹಣೆ ಮುಟ್ಟಿ ನೋಡಿದಳು. ಹೇಳಿಬಿಡಬೇಕೆನಿಸಿತು. ಕೌದಿ ಎಳೆದುಕೊಂಡು ಗೋಡೆಯ ಕಡೆ ಹೊರಳಿದೆ.

ಶುಕ್ರವಾರ ಸಂಜೆ ಆಯಿಯ ದನಿ ಕೇಳಿ ಜೋಳದ ಚೀಲದ ಹಿಂದೆ ಅಡಗಿದೆ.

“ಹೆಣ್ಣ ಕೂಸು. ಅಂಗೈಯಷ್ಟ ಐತಿ. ತಾಯಿ ಮಗಳು ಇಬ್ರೂ ಉಳದಾರ,” ಎನ್ನುತ್ತಿದ್ದಳು. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಆಯಿ ನನ್ನನ್ನು ಹೊರಗೆಳೆದು ತಬ್ಬಿಕೊಂಡಳು.

“ಅಳಬ್ಯಾಡ ನನ ಕೂಸ. ನೀ ಓದಿದ್ದು ಖರೇನ ಆತು. ನಾವು ಹೋಗಿದ್ರ ಬ್ಯಾನಿ ಬಸ್ಸಿನ್ಯಾಗ ಬರತಿದ್ದು, ದವಾಖಾನಿ ಎಲ್ಲಿಂದ ತರೂದು? ಇನ್ನ ಮ್ಯಾಲ ನೀ ಓದಿ ಹೇಳದ ನಾ ಹೊಸ್ತಲಾ ದಾಟೂದಿಲ್ಲ.”

ನನ್ನ ಅಳು ಥಟ್ಟನೆ ನಿಂತಿತು. ಅತ್ತಿ ಉಳಿದ ಸಮಾಧಾನಕ್ಕಿಂತ ಆ ಮಾತಿನ ಹೆದರಿಕೆಯೇ ದೊಡ್ಡದಾಯಿತು. ಮುಂದಿನ ಮಂಗಳವಾರ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಇದ್ದದ್ದನ್ನೇ ಓದಿದೆ. ಹೊಸ ಧಾರಾವಾಹಿ ಶುರುವಾಗಿತ್ತು. ಆ ಪುಟ ತಿರುವಲು ಧೈರ್ಯವಾಗಲಿಲ್ಲ. ಆಯಿ ತೀರಿಹೋಗುವತನಕ ನಿಜ ಹೇಳಲಿಲ್ಲ.

ಈಗ ದಿನವಿಡೀ ಫೋನಿನಲ್ಲಿ ಓದುತ್ತೇನೆ. ಅರ್ಧ ಓದಿದ್ದನ್ನು, ಖರೆಯೋ ಸುಳ್ಳೋ ನೋಡದೆ, ನೂರು ಜನರಿಗೆ ಕಳಿಸಿ ಮರೆಯುತ್ತೇನೆ. ಅದನ್ನು ನಂಬಿ ಎಲ್ಲಿ ಯಾರು ಏನು ಮಾಡಿಕೊಂಡರೋ ನನಗೆ ತಿಳಿಯುವುದಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಹತ್ತು ವರ್ಷದ ಆ ಹುಡುಗಿಗಿದ್ದ ಹೆದರಿಕೆಯನ್ನು ನಾನು ಎಲ್ಲಿ ಕಳೆದುಕೊಂಡೆನೋ ಗೊತ್ತಿಲ್ಲ.