ನಕ್ಷೆಯಲ್ಲಿ ಸಿದ್ದಮ್ಮನ ಚಿಲುಮೆ

ನಡೆದದ್ದು ಇಷ್ಟೇ: ನನಗೆ ನನ್ನ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚಿತ್ತು, ಆ ಕಿಚ್ಚಿಗೆ ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕೂತು ಸುಳ್ಳು ಹೇಳಿದೆ. ವಯಸ್ಸಾಗಿತ್ತು, ಮರೆತೆ, ಕಣ್ಣು ಮಂಜು ಎಂದೆಲ್ಲ ಹೇಳಬಹುದು. ಹೇಳುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸುತ್ತಿ ಬಳಸಿ ಬರೆಯಲು ನನಗೆ ಬಾರದು.

ಈಗ ನೆನಪಾಗಲು ಕಾರಣ ಒಂದು ಕಾಗದದ ಸುರುಳಿ. ಇವತ್ತು ಅಟ್ಟದಿಂದ ಹುರುಳಿ ಮೂಟೆ ಎಳೆಯುವಾಗ ತಲೆಯ ಮೇಲೆ ಬಿತ್ತು. ಬಿಚ್ಚಿದರೆ ನಮ್ಮೂರು ಶಾಗ್ಯ, ಹದ್ದು ನೋಡಿದ ಹಾಗೆ. ಹಳ್ಳ ತಿರುಗುವ ಕಡೆ ಒಂದು ನೀಲಿ ಚುಕ್ಕಿ, ಪಕ್ಕದಲ್ಲಿ ನನ್ನ ಹೆಸರು. ಆ ಸುಳ್ಳು ಇದೇ.

ಚಿಲುಮೆ ಎಂದರೇನೆಂದು ಈಗಿನವರಿಗೆ ಹೇಳಬೇಕು. ಮನೆಗೆ ನಲ್ಲಿ ಬರುವ ಮೊದಲು, ಬೇಸಿಗೆಯಲ್ಲಿ ಒಣಗಿದ ಹಳ್ಳದ ಮರಳನ್ನು ಮೊಣಕೈ ಆಳ ಬಗೆದು ನೀರು ತೆಗೆಯುತ್ತಿದ್ದೆವು. ಕದಡಿದ ಮೊದಲ ನೀರನ್ನು ಚೆಲ್ಲಿ, ತಿಳಿಯಾಗುವ ತನಕ ಕಾದು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಬೇಕು. ಮೊದಲು ಬಗೆದವರ ಹೆಸರು ಅದಕ್ಕೆ. ಮಳೆಗೆ ಹಳ್ಳ ಬಂದರೆ ಎಲ್ಲ ಮುಚ್ಚಿಹೋಗುತ್ತದೆ, ಮುಂದಿನ ಬೇಸಿಗೆಗೆ ನಾವೆಲ್ಲ ಅಲ್ಲಿ ಇಲ್ಲಿ ಕೆದಕುತ್ತ ಜಾಗ ಹುಡುಕುತ್ತಿದ್ದೆವು. ನನ್ನ ಗಂಡನ ಅಣ್ಣನ ಹೆಂಡತಿ ಸಿದ್ದಮ್ಮ ಮಾತ್ರ ಹುಡುಕಿದವಳಲ್ಲ. ನೆಟ್ಟಗೆ ಹೋಗಿ ಕೂತು ಬಗೆದರೆ ಅಲ್ಲೇ ನೀರು, ಎಳನೀರಿನಂಥದ್ದು.

ನನ್ನ ಗಂಡ ಹೊಲದಿಂದ ಬಂದವನು ನಮ್ಮ ಜಗಲಿ ದಾಟಿ ಅವಳ ಬಾಗಿಲಿಗೆ ಹೋಗಿ, “ಅತ್ಗೆ, ಒಂದ್ ಚೊಂಬ್ ನೀರ್ ಕೊಡಿ” ಎನ್ನುತ್ತಿದ್ದ. ನಾನು ತುಂಬಿಟ್ಟ ಕೊಡ ಒಲೆಯ ಪಕ್ಕದಲ್ಲೇ ಇರುತ್ತಿತ್ತು. ಗಂಡ ಹೋಗಿ ಎಷ್ಟೋ ವರ್ಷವಾಯಿತು, ಆ ಚೊಂಬು ಇನ್ನೂ ನನ್ನ ಎದೆಯ ಮೇಲಿದೆ. ನೀವು ನಗಬಹುದು.

ಸಿದ್ದಮ್ಮನಿಗೆ ಮಕ್ಕಳಿಲ್ಲ. ಊರಲ್ಲಿ ಅವಳ ಹೆಸರು ಅಂಟಿಕೊಂಡಿರುವುದು ಆ ಚಿಲುಮೆಗೊಂದೇ. ಇದು ನನಗೆ ಗೊತ್ತಿತ್ತು.

ಹೋದ ವರ್ಷ ಮೊಮ್ಮಗಳು ಕಾವ್ಯ, ಕೊಳ್ಳೇಗಾಲದಲ್ಲಿ ಬೆಳೆದವಳು, ಓದಿನ ಸಲುವಾಗಿ ಊರಿನ ಹಳೆಯ ನೀರಿನ ಜಾಗಗಳನ್ನು ನಕ್ಷೆಗೆ ಏರಿಸಲು ಬಂದಳು. ಬಾವಿಗಳ ಹತ್ತಿರ ನಿಂತು ಫೋನಿನಲ್ಲಿ ಗುರುತು ಹಾಕಿಕೊಂಡಳು. ಹಳ್ಳದಲ್ಲಿ ಮಾತ್ರ ಸೀಮೆಜಾಲಿ ಬೆಳೆದು ಕಾಲಿಡಲು ಜಾಗವಿಲ್ಲ. ನಮ್ಮ ಯೂನಿವರ್ಸಿಟಿ ಲೈಬ್ರರಿಯಲ್ಲಿ ಜಿಐಎಸ್ ಅಂತ ನಕ್ಷೆ ಮಾಡುವ ಕೋಣೆ ಇದೆ, ಹಳೆಯ ಸ್ಯಾಟಲೈಟ್ ಚಿತ್ರ ತೋರಿಸುತ್ತಾರೆ, ನೀನೇ ಬಂದು ಬೆರಳಿಟ್ಟು ಹೇಳು ಎಂದಳು. ಹೊರಡುವಾಗ ಸಿದ್ದಮ್ಮ ಮಂಡಿ ಹಿಡಿದುಕೊಂಡೇ ನನ್ನನ್ನು ಪಕ್ಕಕ್ಕೆ ಕರೆದಳು.

“ನಂಗ್ ಬಸ್ ಅತ್ತಕಾಗಲ್ಲ ಕಣಮ್ಮಿ. ನನ್ ಚಿಲ್ಮೆ ನೀನೇ ತೋರ್ಸ್‌ಬುಡು, ನಿಂಗೂ ಗೊತ್ತಲ್ಲ.”

ಪುಸ್ತಕವಿರುವ ಕಡೆ ನಕ್ಷೆ ಮಾಡುತ್ತಾರೆಂದರೆ ನಾನು ನಂಬಿರಲಿಲ್ಲ. ಒಳಗೊಂದು ತಣ್ಣನೆಯ ಕೋಣೆ, ಸಾಲಾಗಿ ಕಂಪ್ಯೂಟರು. ಅಲ್ಲಿಯ ಮೇಡಂ ಕುರ್ಚಿ ಎಳೆದು ಕೂರಿಸಿದಳು. ಅವಳು ಬೆರಳು ಆಡಿಸಿದರೆ ಬಿಳಿಗಿರಿರಂಗನ ಬೆಟ್ಟ ಒಂದು ಹಸಿರು ಕಂಬಳಿ, ಇನ್ನಷ್ಟು ಆಡಿಸಿದರೆ ಬಂಡಳ್ಳಿ ರಸ್ತೆ, ಆಮೇಲೆ ನಮ್ಮ ಹಳ್ಳ. ಹೊಂಗೆ ಮರ ಕಂಡಿತು, ಬಂಡೆ ಕಂಡಿತು. ಸಿದ್ದಮ್ಮ ಬಗೆಯುತ್ತಿದ್ದ ತಿರುವಿಗೇ ಬೆರಳಿಟ್ಟೆ. ಇದು ಯಾರ ಚಿಲುಮೆ ಎಂದು ಮೇಡಂ ಕೇಳಿದಳು. ನನ್ನ ಹೆಸರು ಹೇಳಿದೆ. ಬಾಯಿ ತಡವರಿಸಲೂ ಇಲ್ಲ. ಪರದೆಯ ಮೇಲೆ ಅದು ಮೂಡಿದಾಗ ಆದ ಖುಷಿ ಮಗನ ಮದುವೆಯಲ್ಲೂ ಆಗಿರಲಿಲ್ಲ.

ಎರಡು ವಾರ ಬಿಟ್ಟು ಕಾವ್ಯ ಈ ಸುರುಳಿ ತಂದಳು. ತಪ್ಪಿದ್ದರೆ ಹೇಳಿ, ನಾಳೆ ದೊಡ್ಡದಾಗಿ ಪ್ರಿಂಟ್ ಮಾಡಿ ಊರ ಶಾಲೆಯ ಗೋಡೆಗೆ ಕೊಡುತ್ತಾರೆ ಎಂದಳು. ಸಿದ್ದಮ್ಮನಿಗೆ ಅಕ್ಷರ ಬಾರದು. ಬಗ್ಗಿ, ತನ್ನದು ಎಲ್ಲಿ ಎಂದು ಕೇಳಿದಳು. ಹುಡುಗಿ ಗಲಿಬಿಲಿಯಾಗಿ, ತಿರುವಿನಲ್ಲಿರುವುದು ತನ್ನದೇ ಅಂತ ಅಜ್ಜಿ ಹೇಳಿತಲ್ಲ ದೊಡ್ಡಜ್ಜಿ, ಎಂದಳು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ತಲೆ ಎತ್ತಲಿಲ್ಲ.

“ಅಂಗಂದ್ಲಾ?” ಎಂದಳು ಸಿದ್ದಮ್ಮ. ಮಂಡಿ ಹಿಡಿದು ನೆಟ್ಟಗಾಗಿ, “ಓಗ್ಲಿ ಬುಡವ್ವ. ಅಲ್ಲಿ ನೀರಿತ್ತು ಅಂತ ಬರ್ದಿದ್ದೀಯಲ್ಲ, ಸಾಕು.”

ಬೈದಿದ್ದರೆ ನಾನೂ ಬೈದು, ನಾಲ್ಕು ದಿನ ಮಾತು ಬಿಟ್ಟು, ಸುಖವಾಗಿರುತ್ತಿದ್ದೆ. ಅವಳು ಬೈಯಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು. ಇಷ್ಟು ದೊಡ್ಡ ಮನಸ್ಸು ಇವಳಿಗೇ ಯಾಕೆ ಬೇಕಿತ್ತು? ಕಾವ್ಯ ಸಂಜೆ ಬಸ್ಸಿಗೆ ಹಾಸ್ಟೆಲಿಗೆ ಹೋದಳು. ಫೋನಿನಲ್ಲಿ ಹೇಳಲು ಎರಡು ಸಲ ಹೊರಟು, ಊಟ ಆಯಿತಾ ಎಂದು ಕೇಳಿ ಇಟ್ಟೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಳ್ಳೇಗಾಲ, ಅಲ್ಲಿಂದ ಇನ್ನೊಂದು ಬಸ್ಸು. ಲೈಬ್ರರಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆ. ಪ್ರಿಂಟಿಗೆಂದು ಬಂದ ಕಾವ್ಯ ನನ್ನನ್ನು ಕಂಡು ಹೆದರಿದಳು. ಅವಳನ್ನೂ ಕರೆದುಕೊಂಡು ನೇರ ಮೇಡಂ ಹತ್ತಿರ ಹೋದೆ.

“ಅದು ನಂದಲ್ಲ ಕಣವ್ವ. ನಮ್ಮಕ್ಕ ಸಿದ್ದಮ್ಮಂದು. ಒಟ್ಟೆಕಿಚ್ಚಿಗೆ ಅಂಗಂದಿದ್ದೆ.”

ಕಾವ್ಯ ಬೇರೆ ಕಡೆ ನೋಡಿದಳು. ಮೇಡಂ ಏನೂ ಕೇಳದೆ ನನ್ನ ಹೆಸರು ಅಳಿಸಿದಳು; ಬರೆಯುವುದಕ್ಕಿಂತ ಬೇಗ ಅಳಿಸಬಹುದು ಅದನ್ನು. ಹೊಸದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಸರಿ ಎಂದೆ. ಹಳ್ಳದಲ್ಲಿ ನಿಮ್ಮದೂ ಒಂದು ಇದ್ದಿರಬೇಕಲ್ಲ, ತೋರಿಸಿ ಅಜ್ಜಿ, ಹಾಕೋಣ ಎಂದಳು ಮೇಡಂ.

ಇತ್ತು. ಸಿದ್ದಮ್ಮನದಕ್ಕಿಂತ ನಲವತ್ತು ಹೆಜ್ಜೆ ಕೆಳಗೆ; ದನವೂ ಮೂಸಿ ಬಿಡುವ ಚೌಳು ನೀರು. ಇಲ್ಲ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.