ಕೋರಾ ಬಟ್ಟೆಯ ಮೇಲಿನ ಮ್ಯಾನಿಫೋಲ್ಡು

ಶಿರಹಟ್ಟಿಯಲ್ಲಿರುವ ಮಗಳನ್ನು ನೋಡಿ ಊಟದ ಹೊತ್ತಿಗೆ ಬೆಟಗೇರಿಗೆ ತಿರುಗಿ ಬರೋಣವೆಂದು ಹೊರಟಿದ್ದೆ. ಬಾಡಿಗೆ ಕಾರು ಗದಗ ದಾಟುವ ಮೊದಲೇ ಕೆಮ್ಮಿ, ನರಳಿ, ಒಂದು ಗ್ಯಾರೇಜಿನ ಮುಂದೆ ನಿಂತುಬಿಟ್ಟಿತು. ಮೇಸ್ತ್ರಿ ಬಾನೆಟ್ ಎತ್ತಿದ. ಹಸಿ ಪೆಟ್ರೋಲು, ಸುಟ್ಟ ಎಣ್ಣೆ ಬೆರೆತ ವಾಸನೆ ಬಂತು.

"ಮ್ಯಾನಿಫೋಲ್ಡ್ ಸೀಳೈತ್ರಿ ಅಮ್ಮಾರ. ಬ್ಯಾರೇದು ತರಸಬೇಕು."

"ತೂತು ಕೂಡಿದ್ರ ಸಾಲಂಗಿಲ್ಲಪಾ, ಬಾಯಿಗೆ ಬಾಯಿ ಕೂಡಬೇಕು. ನೋಡಿ ತರಸು," ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಅವನ ತಪ್ಪಲ್ಲ ಬಿಡಿ. ಕಾರಿನ ವಿಷಯದಲ್ಲಿ ನನಗೆ ಗೊತ್ತಿರುವುದು ಇದೊಂದೇ ಭಾಗ. ಬ್ರೇಕ್ ಎಲ್ಲಿದೆ ಎಂದು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ. ಆದರೆ ಮ್ಯಾನಿಫೋಲ್ಡು ಎಂಬ ಈ ಕವಲು ಕೊಳವೆ ಪೆಟ್ರೋಲು ಬೆರೆತ ಗಾಳಿಯನ್ನು ಇಂಜಿನ್ನಿನ ಒಂದೊಂದು ಬಾಯಿಗೂ ಹಂಚುತ್ತದೆ ಎನ್ನುವುದನ್ನು ನಾನು ಲಂಗ ಉಡುವ ವಯಸ್ಸಿನಲ್ಲೇ ಕಲಿತಿದ್ದೆ. ಕಲಿಸಿದವನು ನಮ್ಮ ಈರಪ್ಪ ಕಾಕಾ, ಅಪ್ಪನ ತಮ್ಮ.

ನಾಡು ಒಂದಾಗಬೇಕು ಎಂದು ಕಟ್ಟೆಕಟ್ಟೆಗೂ ಮಾತಾಗುತ್ತಿದ್ದ ಕಾಲ ಅದು. ಬೆಟಗೇರಿಯ ನಾವು ಮುಂಬೈ ಸರಕಾರದ ಕೆಳಗಿದ್ದೆವು. ಶಿರಹಟ್ಟಿಯವರು ಆಗಷ್ಟೇ ಸಂಸ್ಥಾನ ಕಳಚಿಕೊಂಡು ನಮ್ಮ ಜೊತೆ ಸೇರಿದ್ದರು. ಮುಂಡರಗಿ ದಾಟಿ ಮೂಡಲಿಗೆ ಹೋದರೆ ಹೈದರಾಬಾದ ರಾಜ್ಯ. ನಮ್ಮ ಮನೆಯಲ್ಲಿ ಅಪ್ಪನದೊಂದು, ಕಾಕಾನದೊಂದು ಮಗ್ಗ. ಮಗ್ಗದ ಕುಣಿಯೊಳಗೆ ಕಾಲಿಟ್ಟು ಕೂತು ಕೂತು ಬೇಸತ್ತ ಕಾಕಾ, ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಹಳೆಯ ಕಾರೊಂದನ್ನು ತಂದು ಬಾಡಿಗೆಗೆ ಓಡಿಸತೊಡಗಿದ್ದ. ಅಪ್ಪನಿಗೆ ಅದು ಸರಿಬರಲಿಲ್ಲ. ಕಾರು ಹೊರಟಾಗಲೆಲ್ಲ ಲಾಳಿಯನ್ನು ಸ್ವಲ್ಪ ಜೋರಾಗಿಯೇ ಎಸೆಯುತ್ತಿದ್ದ.

ಕಾಕಾನ ಹೆಂಡತಿ ಗಂಗವ್ವ ನನಗೆ ಚಿಗವ್ವ. ಕಪ್ಪತಗುಡ್ಡದ ಮಗ್ಗುಲಿನ ಡೋಣಿ ಅವಳ ತವರು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು: ಮಗಳಿಗೆ ಮಗುವಾಗುವವರೆಗೆ ಹೆತ್ತವರು ಅವಳ ಮನೆಯಲ್ಲಿ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ. ಚಿಗವ್ವನಿಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಅವಳ ತಾಯಿ, ನಾವೆಲ್ಲ ಡೋಣಿ ಆಯಿ ಎನ್ನುತ್ತಿದ್ದ ಮುದುಕಿ, ಗದಗಿನ ಸಂತೆಗೆ ಬಂದಾಗ ನಮ್ಮ ಕಟ್ಟೆಯ ಮೇಲೆ ಕೂತು, ಮಗಳ ತಲೆ ಸವರಿ, ಉರಿಬಿಸಿಲಿನಲ್ಲೂ ಒಣಗಿದ ಬಾಯಿಯಲ್ಲೇ ಎದ್ದು ಹೋಗುತ್ತಿದ್ದಳು. ಚಿಗವ್ವ ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದಳು; ಅವಳು ಕೊಡಬಹುದಾಗಿದ್ದುದು ಅಷ್ಟೇ. ಹಳೆಯ ಕಾಲದ ಹುಚ್ಚು ಎಂದು ನಗಬೇಡಿ, ನಾನೂ ಅದನ್ನೇ ಪಾಲಿಸಿಕೊಂಡು ಬಂದವಳು. ನನ್ನ ಮಗಳಿಗೂ ಮಕ್ಕಳಿಲ್ಲ. ಊಟದ ಹೊತ್ತಿಗೆ ತಿರುಗಿ ಬರುವ ನನ್ನ ಅವಸರ ಅದಕ್ಕೇ.

ಕೊನೆಗೂ ಚಿಗವ್ವನಿಗೆ ಗಂಡುಮಗು ಹುಟ್ಟಿತು. ಆಯಿ ಅಷ್ಟರಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು, ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಡೋಣಿಯಿಂದ ಖಬರ ಬಂತು: ಕಣ್ಣು ಮುಚ್ಚುವುದರೊಳಗೆ ಮಗಳ ಮನೆಯಲ್ಲಿ ಒಂದು ಸಲ ಉಣ್ಣಬೇಕಂತೆ. ಚಕ್ಕಡಿಯ ಕುಲುಕಾಟ ಅವಳಿಗೆ ತಡೆಯುವಂತಿರಲಿಲ್ಲ. ಕಾರೇ ಹೋಗಬೇಕಿತ್ತು. ಅದೇ ವಾರ ಕಾರಿನ ಮ್ಯಾನಿಫೋಲ್ಡು ಸೀಳಿತು.

ಆಗಿನ ನಮ್ಮೂರ ಹುಸೇನಸಾಬ ಮೇಸ್ತ್ರಿ ಬೆಸುಗೆ ಹಾಕಲು ಹೋಗಿ ಅದನ್ನು ಎರಡು ತುಂಡು ಮಾಡಿಟ್ಟ. "ಹುಬ್ಬಳ್ಳಿ ಗುಜರ್ಯಾಗ ಸಿಗತೈತಿ, ಕೂಡೂದು ನೋಡಿ ತರ್ರಿ," ಎಂದು ಕೈ ಒರೆಸಿಕೊಂಡ. ಇಂಜಿನ್ನನ್ನೇ ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗಲಾದೀತೇ? ಕಾಕಾನದು ನೇಕಾರನ ತಲೆ. ಮಗ್ಗದಿಂದ ಆಗಷ್ಟೇ ಇಳಿದಿದ್ದ ದಪ್ಪ ಕೋರಾ ಬಟ್ಟೆಯ ತುಂಡೊಂದನ್ನು ತಂದ. ಇಂಜಿನ್ನಿನ ಮೈಗೆ ಎಣ್ಣೆ ಮಸಿ ಬಳಿದು ಬಟ್ಟೆಯನ್ನು ಒತ್ತಿದ. ಬೋಲ್ಟುಗಳ ಗುರುತು, ನಾಲ್ಕು ಬಾಯಿಗಳ ಉಂಗುರ, ಎಲ್ಲ ಅಚ್ಚುಕಟ್ಟಾಗಿ ಮೂಡಿದವು. ಬಟ್ಟೆಯನ್ನು ಹಿತ್ತಲ ಹಗ್ಗದ ಮೇಲೆ ಆರಹಾಕಿ ಮುಂಡರಗಿ ಬಸ್ಸಿನವರ ಹತ್ತಿರ ಡೋಣಿಗೆ ಹೇಳಿ ಕಳಿಸಿದ: ಬರುವ ವಾರ ಬರುತ್ತೇನೆ.

ಹುಬ್ಬಳ್ಳಿಯ ಗುಜರಿಯವನು ಒಂದು ರಾಶಿ ಮ್ಯಾನಿಫೋಲ್ಡು ಸುರುವಿದನಂತೆ. ಒಂದು ಹೊಸದರಂತೆ ಹೊಳೆಯುತ್ತಿತ್ತು, ಆದರೆ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಕೂಡುವ ಜಾಗ ಬೇರೆ. ಇನ್ನೊಂದರ ಬಾಯಿ ತೀರ ಸಣ್ಣದು. ಮತ್ತೊಂದು ಮಾತ್ರ ಬಟ್ಟೆಯ ಮೇಲಿಟ್ಟರೆ ತೂತಿಗೆ ತೂತು, ಉಂಗುರಕ್ಕೆ ಉಂಗುರ. ಕಾಕಾ ಅದನ್ನು ಹೆಗಲ ಮೇಲೆ ಹೊತ್ತು ಗೆದ್ದ ಕುಸ್ತಿಯವನ ಹಾಗೆ ಮನೆಗೆ ಬಂದ.

ಜೋಡಿಸಲು ನೋಡಿದರೆ ನಡುವಿನ ಬೋಲ್ಟು ಕೂಡಿತು, ತುದಿಯವು ಬೆರಳಗಲ ಆಚೆ. ಮೇಸ್ತ್ರಿ ಕಾನಸು ಹಾಕಿ ಉಜ್ಜಿ ತೂತುಗಳನ್ನೆಲ್ಲ ಉದ್ದ ಮಾಡಿ ಹೇಗೋ ಬಿಗಿದ. ಆದರೆ ಕೊಳವೆಯ ಬಾಯಿ ಅರ್ಧ ಇಂಜಿನ್ನಿನ ಬಾಯಿಗೆ, ಅರ್ಧ ಗೋಡೆಗೆ ಮುಖ ಮಾಡಿತ್ತು. ಕಾರು ಉಬ್ಬಸದ ಮುದುಕನಂತೆ ಎರಡು ಸಲ ಉಸಿರೆಳೆದು ಸುಮ್ಮನಾಯಿತು.

ಬಾಗಿಲಲ್ಲಿ ನಿಂತಿದ್ದ ಅಪ್ಪ ನಕ್ಕ. "ನಾಡೆಲ್ಲಾ ಕೂಡೀತು, ನಿನ್ನ ಕಬ್ಬಣ ಕೂಡಂಗಿಲ್ಲ ಬಿಡಲೇ ಈರಾ. ಮಗ್ಗಕ್ಕ ಬಂದು ಕುಂಡರು."

ಕೂಸನ್ನು ಎತ್ತಿಕೊಂಡು ನಿಂತಿದ್ದ ಚಿಗವ್ವ, ಕಾಕಾನ ಹೆಗಲ ಮೇಲಿದ್ದ ಬಟ್ಟೆಯನ್ನು ಎಳೆದು ಬೆರಳ ನಡುವೆ ಹಿಡಿದು ನೋಡಿದಳು. ಮುಖ ಸಣ್ಣದಾಯಿತು.

"ಇದನ್ನ ನಾ ಒಗದೀನ್ರಿ."

"ಏನಂದಿ?"

"ಮಸಿ ಹತ್ತಿತ್ತು. ಕೂಸಿನ ಕೆಳಗ ಹಾಸಾಕ ಬರತೈತಿ ಅಂತ ಬಿಸಿನೀರಾಗ ಸೋಡಾ ಹಾಕಿ ಒಗದೆ. ಕಲಿ ಹೋಗಲಿಲ್ಲ ಅಂತ ಮತ್ತ ಹಗ್ಗಕ್ಕ ಹಾಕಿದೆ."

ಕೋರಾ ಬಟ್ಟೆ ಮೊದಲ ಒಗೆತದಲ್ಲೇ ಕುಗ್ಗುತ್ತದೆ. ಅದರ ಜೊತೆ ಅದರ ಮೇಲಿನ ಇಂಜಿನ್ನೂ ಕುಗ್ಗಿತ್ತು. ಕಾಕಾ ಹುಬ್ಬಳ್ಳಿಯಿಂದ ಆರಿಸಿ ತಂದದ್ದು ಯಾವುದೋ ಸಣ್ಣ ಕಾರಿನ ಮ್ಯಾನಿಫೋಲ್ಡು. ಚಿಗವ್ವನ ಕಣ್ಣಿಂದ ನೀರು ಸುರಿಯತೊಡಗಿತು. ನಮ್ಮವ್ವ ಇನ್ನು ಬಂದಂಗಾತು ಎಂದು ಅಷ್ಟೇ ಅಂದಳು.

ಕಾಕಾ ಹಣೆ ಬಡಿದುಕೊಂಡ. ಬಯ್ಯುತ್ತಾನೆ ಎಂದುಕೊಂಡೆ. "ನೀ ಯಾಕ ಅಳತೀ? ಒಗದು ಆಮ್ಯಾಲ ಹೊಲಿಸ್ರಿ ಅಂತ ಗಿರಾಕಿಗೆ ಹೇಳಿ ಹೇಳಿ ಅರಿವಿ ಮಾರಿದಾಂವ ನಾನು. ಹಗ್ಗದ ಮ್ಯಾಲಿಂದು ತಗೊಳ್ಳೂಮುಂದ ಮುಟ್ಟಿದ್ರ ತಿಳೀತಿತ್ತು. ಇನ್ನೊಂದು ತುಂಡು ತಾ."

ಈ ಸಲ ಚಿಗವ್ವ ಬಟ್ಟೆಯನ್ನು ಕುದಿಸಿ, ಬಡಿದು, ಒಣಗಿಸಿ, ಮತ್ತೆ ಕುದಿಸಿದಳು. ಇನ್ನು ಕುಗ್ಗಲು ಏನೂ ಉಳಿದಿಲ್ಲ ಎನ್ನಿಸಿದ ಮೇಲೆ ಕಾಕಾನ ಕೈಗೆ ಕೊಟ್ಟಳು. ಅಚ್ಚೊತ್ತಿದ ಮೇಲೆ ಅದನ್ನು ಹಗ್ಗಕ್ಕೆ ಹಾಕಲಿಲ್ಲ; ಅಪ್ಪನೇ ಅದನ್ನು ತನ್ನ ಮಗ್ಗದ ಮೇಲೆ ಹಾಸಿಕೊಂಡು ಕಾಯುತ್ತ ಕೂತ. ಗುಜರಿಯವನು ಗೊಣಗುತ್ತಲೇ ಬದಲಿಸಿ ಕೊಟ್ಟ. ತೂತು ಕೂಡಿದವು, ಬಾಯಿ ಕೂಡಿದವು, ಕಾರ್ಬ್ಯುರೇಟರೂ ಕೂತಿತು. ಮರುದಿನ ಬೆಳಿಗ್ಗೆಯೇ ಕಾರು ಡೋಣಿಯ ದಾರಿ ಹಿಡಿಯಿತು.

ಆಯಿಯನ್ನು ಕಾಕಾ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ತಂದ. ಕಟ್ಟೆ ದಾಟಿ ಅವಳು ನಮ್ಮ ಮನೆಯೊಳಗೆ ಬಂದದ್ದು ಅದೇ ಮೊದಲು. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡಳು. ನನ್ನ ಅವ್ವ ಹೋಳಿಗೆ ಬಡಿಸಲು ಎಲೆ ಹಾಕುತ್ತಿದ್ದಳು. ಆಯಿ ಬೇಡವೆಂದು ಕೈ ಆಡಿಸಿದಳು.

"ಮದಲ ನೀರು ತಾ ಗಂಗವ್ವಾ."

ಚಿಗವ್ವ ತಂಬಿಗೆ ಹಿಡಿದು ಬಂದಳು. ಅವಸರದಲ್ಲಿ ಅರ್ಧ ಚೆಲ್ಲಿತು. ಆಯಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ತಂಬಿಗೆಯೊಳಗೆ ಇಣುಕಿ ನೋಡಿದಳು.

"ಬರೇ ನೀರು ಐತಲ್ಲಽ ಇದು. ಇಷ್ಟು ವರ್ಷ ಸುಮ್ಮನ ನೀರಡಿಸಿ ಹೋದೆ ನಾನು. ನಿನಗೂ ಅಳಿಸಿದೆ."

ಆಯಿ ಆ ಮೇಲೆ ಬಹಳ ದಿನ ಬದುಕಲಿಲ್ಲ. ನಾಡು ಒಂದಾದ ಸುದ್ದಿ ಬಂದಾಗ ಕಾಕಾ ಅದೇ ಕಾರಿಗೆ ಹೂ ಕಟ್ಟಿಕೊಂಡು ಊರೆಲ್ಲ ತಿರುಗಿದ. ಜನ ಹಾಕುತ್ತಿದ್ದ ಜಯಕಾರವೆಲ್ಲ ತನ್ನ ಇಂಜಿನ್ನಿಗೇ ಎಂದು ಅವನು ನಂಬಿದ್ದ ಅಂತ ನನಗೆ ಈಗಲೂ ಅನುಮಾನ.

ಆಯಿಯ ಆ ಮಾತನ್ನು ಕಿವಿಯಾರೆ ಕೇಳಿದವಳು ನಾನು. ಮನೆಯಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ ಕೂಡ. ಆದರೂ ಅದು ನನಗೆ ಹೇಳಿದ್ದು ಎಂದು ಗ್ಯಾರೇಜಿನ ಈ ಬೆಂಚಿನ ಮೇಲೆ ಕೂರುವವರೆಗೆ ಹೊಳೆದಿರಲಿಲ್ಲ. ಮೇಸ್ತ್ರಿ ಇನ್ನೂ ಎರಡು ತಾಸು ಹಿಡಿಯುತ್ತದೆ ಅಂದ. ಶಿರಹಟ್ಟಿಗೆ ಫೋನು ಮಾಡಿದೆ.

"ತಡಾ ಆಕ್ಕೈತಿ ಏನವ್ವಾ? ಹಂಗಾದ್ರ ಊಟಕ್ಕ ಮನಿಗೆ ಹೋಗಿಬಿಡು. ನಾಳೆ ಬರ್ತೀಯಂತ," ಅಂದಳು ಮಗಳು. ಅವಳಿಗೆ ಅದು ರೂಢಿಯಾಗಿಬಿಟ್ಟಿದೆ.

"ಇಲ್ಲವಾ, ಇವತ್ತಽ ಬರ್ತೀನಿ. ನನಗೂ ಎರಡು ರೊಟ್ಟಿ ಬಡಿ," ಅಂದೆ.

ಆ ಕಡೆ ಮೂಗು ಏರಿಸಿಕೊಂಡ ಸದ್ದು ಕೇಳಿತು.

"ಪಲ್ಯಾ ಏನ ಮಾಡ್ಲಿ?" ಎಂದು ಕೇಳಿದಳು.